ಕಡೀ ಎಸ್ಟಿ

ಚಿತ್ರಕಲಾ ಕಲಿಸೋ ಕಲಶೆಟ್ಟಿ ಬಾಯಾರಿಗೆ
ಇಪ್ಪತ್ತೆರಡು ಪಾಸು ಸಿಕ್ಕಿದ್ವು, ಪುಕ್ಕಟ.
ಒಂಬತ್ತನೆಯ ಇಯತ್ತೆ, ಕನ್ನಡ ಸಾಲಿ, ಅಕ್ಕಲಕೋಟ.
ಸೊಲ್ಲಾಪುರದಾಗ ಇಳಿದಾಗ ಎಲ್ಲಾರ ಚೀಲದಾಗೂ
ಕಡಕ್ ರೊಟ್ಟಿ, ಶೇಂಗಾ ಹಿಂಡಿ.
ಬ್ಯಾಲೇ ಅಂದ್ರೇನು, ಯಾರಿಗೂ ಗೊತ್ತಿಲ್ಲ.
"ತುದಿಬೆರಳ ಮ್ಯಾಲೆ ಕುಣೀತಾರ" ಅಂದ ಶ್ರೀಶೈಲ,
ಕ್ಯಾಲೆಂಡರದಾಗ ನೋಡಿದ್ದನಂತ:
ಬಿಳಿ ಲಂಗ, ಬೆಳ್ಳಕ್ಕಿ ಕುತ್ತಿಗಿ.

ಹಂಗಿರಲಿಲ್ಲ.

ಪರದೆ ಸರೀತು. ಲಂಗ ಇಲ್ಲ, ಬೆಳ್ಳಕ್ಕಿ ಇಲ್ಲ.
ಗೋಣಿತಟ್ಟಿನ ಬಣ್ಣದ ಅಂಗಿ ತೊಟ್ಟ ಹನ್ನೊಂದು ಮಂದಿ
ಹೆಬ್ಬೆರಳಿಗೆ ಹೆಬ್ಬೆರಳು ಮುಖ ಮಾಡಿ
ಮೊಣಕಾಲು ಬಾಗಿಸಿ, ಹೊರೆ ಹೊತ್ತವರ ಹಂಗ ನಿಂತಿದ್ರು.
ಮೈಕಿನಾಗ ಒಬ್ಬಾತ ಮರಾಠಿಯೊಳಗ ಏನೋ ಹೇಳಿದ,
ಬಾಯಾರು ಸಾಲಿನುದ್ದಕ್ಕೂ ಬಾಗಿ ಪಿಸುಗುಟ್ಟಿದ್ರು:
"ನೂರು ವರ್ಷದ ಹಿಂದ, ಚಳಿ ದೇಶದಾಗ,
ಚೆಂದ ಕುಣದು ಕುಣದು ಬ್ಯಾಸರಾದವರು
ಮಾಡಿದ್ದಂತ ಇದು."
ಚೆಂದದ್ದೂ ಬ್ಯಾಸರ ಆಗತದ?
ಬರಕೋಬೇಕು ಅನ್ನಿಸ್ತು. ಪೆನ್ನು ಎಸ್ಟಿಯಾಗ ಬಿದ್ದಿತ್ತು.

ಕತಿ ಇಷ್ಟು: ಹೊಳಿ ಹೆಪ್ಪುಗಟ್ಟೇದ.
ಒಬ್ಬ ಹುಡುಗಿ ಬರ್ಫಿನ ಮ್ಯಾಲೆ ನಿಂತು
ನೀರು ಏಳೋತನಕ ತುಳೀಬೇಕು.
ಬರ್ಫಂದ್ರ ನಮಗ ಬಸ್‌ಸ್ಟ್ಯಾಂಡಿನ ಗೋಳಾ ಗಾಡಿ.
"ಕೆಂಪು ಶರಬತ್ತು ಹಾಕ್ರಿ" ಅಂದು ರೇವಣಸಿದ್ಧ ಕಿಸಕ್ಕಂದ.
ಆಕಿ ತುಳದಳು.
ಒಳಗ ಯಾರೂ ಇಲ್ಲದ ಮನಿ ಬಾಗಲಾ ಬಡದಂಗ ತುಳದಳು.
ಲಯ ಕೈಗೆ ಸಿಗಲಿಲ್ಲ. ಐದಕ್ಕೊಮ್ಮೆ, ಮೂರಕ್ಕೊಮ್ಮೆ,
ಒಮ್ಮೊಮ್ಮೆ ಬರೇ ಉಸಿರು.
ನೇಕಾರರ ಭಾಗೀರಥಿ ನನ್ನ ಮೊಣಕೈ ಹಿಡಿದಳು:
"ದಾರ ಹರದಾಗ ನಮ್ಮಪ್ಪನ ಮಗ್ಗ
ಹಿಂಗ ತಡವರಸ್ತದ."

ಸೈಪನ್ ತೊಡಿ ಮ್ಯಾಲೆ ರೊಟ್ಟಿ ಗಂಟು ಬಿಚ್ಚಿದ್ದ.
ಬಾಯಾರು ಕಣ್ಣು ಬಿಟ್ರು: ಮುರೀಬ್ಯಾಡ, ಸಪ್ಪಳಾಗತದ.
ಮುರೀಲಿಲ್ಲ ಪಾಪ.

ಒಂಬತ್ತೂವರಿಗೆ ಕಡೀ ಎಸ್ಟಿ.
ಬಾಯಾರು ಗಡಿಯಾರ ನೋಡಿದ್ರು, ಆಕೀನ್ನ ನೋಡಿದ್ರು,
ಮತ್ತ ಗಡಿಯಾರ.
ಏಳ್ರಿ, ಅಂದ್ರು.
ಚಪ್ಪಲಿ ಕೈಯಾಗ ಹಿಡಕೊಂಡು, ಬಾಯಾರೂ ಸೈತ,
ಕುರ್ಚಿ ಸಾಲಿನ ನಡುವ ಬಗ್ಗಿ ಬಗ್ಗಿ ಹೊರಗ ಬಂದಿವಿ.
ಬಾಗಲಾ ಮುಚ್ಚಿದ ಮ್ಯಾಲೂ ಕೇಳತಿತ್ತು,
ಧಪ್.
ಧಪ್ ಧಪ್.

ಬಸ್ಸಿನಾಗ ಜಗಳ. "ಒಡದಿರತದ" ಅಂದ ಶ್ರೀಶೈಲ.
"ಒಡದ್ರ ಆಕಿ ಮುಳಗತಾಳಲ್ಲ" ಅಂದಳು ಭಾಗೀರಥಿ.
ಇದು ಯಾರಿಗೂ ಹೊಳದಿರಲಿಲ್ಲ.
ವಳಸಂಗ ದಾಟೋತನಕ ಕಿಟಕಿ ಗಾಜಿನದಷ್ಟೇ ಮಾತು.
ಆಮ್ಯಾಲೆ ಕತ್ತಲಾಗ, ಹಿಂದಿನ ಸೀಟಿನಾಗ,
ಸೈಪನ್ ರೊಟ್ಟಿ ಮುರದ, ಕಟಕ್!
ಎಲ್ಲಾರೂ ಬೆಚ್ಚಿ ತಿರುಗಿದಿವಿ, ಬಾಯಾರೂ.
"ಹಸಿವಾಗೇದ್ರಿ" ಅಂದ ಆತ.

ಮನಿ ಮುಂದ ಕಾಲು ತೊಳಿಯೋವಾಗ
ಹಸಿ ಹಾಸಗಲ್ಲಿನ ಮ್ಯಾಲೆ
ಹೆಬ್ಬೆರಳಿಗೆ ಹೆಬ್ಬೆರಳು ಕೂಡಿಸಿ ನಿಂತು ನೋಡಿದೆ.
ಅವ್ವ ಬಾಗಲದಾಗಿಂದ ಕೇಳಿದಳು:
ಯಾಕ, ಮುಳ್ಳು ನಟ್ಟದೇನು?