ಸಣ್ಣಗ ಮಾತಾಡಾಕ ಬರೂದಿಲ್ಲ ಅದಕ

ಕ್ಯಾಂಪಿನ ಹೆಂಚಿನ ಮನಿಯಿಂದ ಆಂಪ್ ಹೊರಗ ತರೂವಾಗ
ಟೆಂಪೋದಾಂವ ಕೇಳಿದ, ಏನ್ರಿ ಇದು, ತಿಜೋರಿ?
ಮೂವತ್ತೊಂದು ಕಿಲೋ. ಮ್ಯಾಲ ಒಂದ ಹಿಡಿಕಿ,
ಒಬ್ಬಾಂವ ಎತ್ತಬಹುದು ಅನ್ನೂ ಸುಳ್ಳು ಹೇಳಾಕ.

ಫಿಲೊಮಿನಾ ಬಾಯಿ ರೊಕ್ಕ ಎರಡ ಸಲ ಎಣಿಸಿ
ಮುಂದಿನ ಹರಕ ಅರಿವಿ ಸವರಿದಳು.
“ಸಣ್ಣಗ ಹಚ್ಚಬ್ಯಾಡಪಾ, ಉಸರ ಕಟ್ಟತೈತಿ ಅದಕ.
ನಮ್ಮ ಮನಿಯವರೂ ಹಂಗ ಇದ್ರು.”
ನಾ ನಕ್ಕೆ. ಆಮ್ಯಾಲ ತಿಳೀತು.

ಸ್ವಿಚ್ ಒತ್ತಿದ್ರ ಲಗೂನ ಏನೂ ಆಗೂದಿಲ್ಲ.
ಹಿಂದ ನಾಕು ವಾಲ್ವು, ಯಾರೋ ಕುಲುಮಿ ಊದಿದಂಗ,
ಒಂದೊಂದ ಕೆಂಪಾಗತಾವು.
ಸುಟ್ಟ ಧೂಳಿನ ವಾಸನಿ,
ಯಾವ ಯಾವ ಮದಿವಿ ಹಾಲಿನ ಧೂಳೋ,
ಅದರಾಗ ಸಿಗರೇಟು, ಒಂದೀಟ ಫೆನಿ.
ಅದು ಎಚ್ಚರಾಗೂತನ ನಾ ಚಾ ಕುಡದು
ಕಪ್ಪ ತೊಳದು ಬೋರಲ ಹಾಕಿರತೇನಿ.

ಒಂದಕ್ಕ ಇಟ್ರ ಮೂಕ.
ಎರಡಕ್ಕ, ಹಲ್ಲ ನೋವಿನಾಂವ ಗೊಣಗಿದಂಗ.
ಮೂರಕ್ಕ
ಮಾಡದಾಗಿನ ಸ್ಟೀಲ್ ತಾಟು ಎದ್ದ ನಿಂದರತಾವು,
ಎದಿ ಎಲುಬಿಗೆ ಯಾರೋ ಕೈ ಹಚ್ಚತಾರ,
ಒಂದ ತಂತಿ ಮಿಡದ್ರ ಸಾಕು, ಅದರ ಹಿಂದ
ಹತ್ತು ಮಂದಿ ಓಡಿ ಬರತಾರ.
ಹತ್ತರ ತನಕ ಅಂಕಿ ಅದಾವು.
ಐದರ ಆಚೆ ನಾ ಇನ್ನೂ ಹೋಗಿಲ್ಲ.

ವಡಗಾವಿಯ ನಮ್ಮ ಓಣ್ಯಾಗ ಇದೆಲ್ಲಾ ನಡೀತಿತ್ತು, ಯಾಕಂದ್ರ
ಬಲಕ್ಕ ಎಂಟು ಮಗ್ಗ, ಎಡಕ್ಕ ಆರು.
ಕರೆಂಟ ಇದ್ರ ಮಗ್ಗ ಓಡತಿದ್ವು,
ಮಗ್ಗ ನಿಂತ್ರ ಕರೆಂಟ ಹೋಗಿರತಿತ್ತು.
ಸಪ್ಪಳ ಇಲ್ಲದ ಹೊತ್ತು ಹೆಂಗಿರತೈತಿ,
ನನ್ನ ಪೆಟಗಿ ಕಂಡಿದ್ದ ಇಲ್ಲ.
ಉದ್ಯಮಬಾಗಿನ ಪಾಳಿ ಮುಗಿಸಿ ಬಂದು
ಉಗರಾಗಿನ ಕರೇ ಉಸುಕು ಹಂಗ ಇಟಗೊಂಡ ಬಾರಸ್ತಿದ್ದೆ.
ಹದಿನಾಕು ಮಗ್ಗ, ಹದಿನಾಕು ತಾಳ.
ಯಾವುದಾರ ಒಂದಕ್ಕ ನಾ ಬರೋಬ್ಬರಿ ಇರತಿದ್ದೆ.

ದೀಪಾವಳಿ ಆಗಿ ಎಂಟ ದಿನಕ್ಕ
ಬಲಕಿನ ಎಂಟೂ ಗುಜರಿಗೆ ಹೋದವು.
ಎಡಕಿನಾಂವ ಆರೂ ಕಟಗೊಂಡು ಇಚಲಕರಂಜಿಗೆ ನಡದ.
ಗುಜರಿ ತಿರುಗಿ ನಮ್ಮ ಫೌಂಡ್ರಿಗೇ ಬಂತು.
ಒಂದು ಗಾಲಿ, ಅಂಚಿಗೆ ಇನ್ನೂ ನೀಲಿ ನೂಲು ಸುತ್ತಿತ್ತು,
ನಾನ ಎತ್ತಿ ಭಟ್ಟಿಗೆ ಒಗದೆ.

ಆ ಸಂಜಿ ಮೂರಕ್ಕ ಇಟ್ಟೆ.
ಒಂದ ತಂತಿ, ಅಷ್ಟ. ಬಾಗಲದಾಗ ಅರ್ಧ ಓಣಿ.
ಕೂಸು ಬೆಚ್ಚಿ ಬಿದ್ದೈತಿ. ಹತ್ತನೆತ್ತೆ ಹುಡುಗಿ ಗಣಿತ ಮಾಡಾಕತ್ತಾಳ.
ಇಷ್ಟ ವರ್ಷ ಇಲ್ಲದ್ದು,
ಓಣಿಗೆ ಕಿವಿ ಬಂದಿದ್ವು.

ಕೌದಿ ಹೊಚ್ಚಿದೆ. ಗೋಡಿಗೆ ಮಾರಿ ಮಾಡಿ ಕುಂದರಿಸಿದೆ,
ಶಾಲ್ಯಾಗ ತಪ್ಪ ಮಾಡಿದ ಹುಡುಗನಂಗ.
ಒಂದಕ್ಕ ಇಟ್ಟು ಬಾರಸಿದೆ. ಬಾಯಿ ಹೇಳಿದ್ದು ಖರೆ.

ಒಂದ ರಾತ್ರಿ ಹನ್ನೊಂದಕ್ಕ ಸಾತವ್ವ ಢವಳಿ ಬಂದು ಕದ ಬಡದಳು.
ಮೂವತ್ತ ವರ್ಷ ಆ ಮಗ್ಗಕ್ಕ ಕಂಡಿಕಿ ಸುತ್ತಿದಾಕಿ.
ಮನಿ ತುಂಬ ಮಂದಿ ಮಲಗ್ಯಾರ, ಆಕಿಗೊಬ್ಬಾಕಿಗೆ ನಿದ್ದಿಲ್ಲ.
ಬೈಯಾಕ ಬಂದಾಳ ಅಂದ್ಕೊಂಡೆ.

“ಬಾರಸಬ್ಯಾಡ. ಬರೇ ಹಚ್ಚಿಡು.
ಗುಂಯ್ ಅಂತೈತೆಲ್ಲ, ಅಷ್ಟ ಸಾಕು.”

ಆ ಗುಂಯ್ ತಗಿಯಾಕ ನಾ
ಎರಡು ಕೆಪ್ಯಾಸಿಟರ್ ಬದಲಿಸಿದ್ದೆ, ಅಂಗಳ ಅಗದು
ಉಪ್ಪು ಇದ್ದಲಿ ಹಾಕಿ ಅರ್ಥಿಂಗ್ ಮಾಡಿಸಿದ್ದೆ.
ಸುಮ್ಮನಾದೆ. ಗಿಟಾರಿನ ವಾಯರ್ ಕಿತ್ತೆ,
ಕೌದಿ ತಗದೆ, ಆಕಿ ಮಲಗೂ ಗೋಡಿ ಕಡೆ ತಿರುವಿದೆ.
ಇವತ್ತ ಐದು ದಾಟಿದೆ. ಆರು. ಏಳು.
ಒಂದೂ ಸ್ವರ ಇಲ್ಲ.
ಕತ್ತಲದಾಗ ನಾಕು ಕೆಂಡ, ಆ ಗುಂಯ್.

ನಡುರಾತ್ರಿ ಕರೆಂಟ ಹೋತು.
ಗೋಡಿ ಆಚೆ ಆಕಿ ಎದ್ದು ಕುಂತ ಬಳಿ ಸಪ್ಪಳ.
ಈಚೆ, ನಾನೂ ಎದ್ದಿದ್ದೆ.