ಈ ಕಡೆ ಬಂದು ಹೇಳು

ಆಲೊಯ್ಜಿ, ತಗೋ ನಿನ್ನ ರೆಕಾರ್ಡು.
ದುಡ್ಡು ವಾಪಸ್ಸು ಬೇಡ, ಬೈಗುಳ ಪೂರ್ತಿ ಕೇಳು.

ಹೊದಿಕೆಯ ಮೇಲೆ ತುಕ್ಕು ಹಿಡಿದ ಹಲ್ಲುಚಕ್ರ,
ಒಳಗೆ ನಾಲ್ವರು ಗಂಡಸರು
ಗಿಟಾರಿನ ತಂತಿಗೆ ಕಬ್ಬಿಣದ ಸರಳು ತಿಕ್ಕಿ
ಇದು ಕಾರ್ಖಾನೆ ಅನ್ನುತ್ತಾರೆ.
ಯಾವ ಕಾರ್ಖಾನೆ?
ಮೂವತ್ತೊಂದು ವರ್ಷ ನಿಂತವಳು ನಾನು
ಇದೇ ವೂಚ್ ಊರಿನ ಗಿರಣಿಯಲ್ಲಿ.
ದೋಣಿ ಅಂತ ಊರ ಹೆಸರು, ದೋಣಿ ತೇಲುವಷ್ಟು ನೀರಿಲ್ಲ,
ಆದರೆ ಮಗ್ಗಗಳಿದ್ದವು, ನಾನೂರು, ಒಂದೇ ಸೂರಿನಡಿ.
ಮಗ್ಗ ಹೀಗೆ ಕಿರುಚುವುದಿಲ್ಲ.
ಕಿರುಚಿದರೆ ಎಣ್ಣೆ ಬಿಡುತ್ತಿದ್ದೆವು.
ಅದು ಬಡಿಯುತ್ತದೆ; ಸಿಟ್ಟಿಲ್ಲ, ಸೆಡವಿಲ್ಲ,
ಬಡಿದದ್ದನ್ನೇ ಬಡಿಯುತ್ತದೆ
ನಿನ್ನ ಮೂಳೆ ಅದರ ತಾಳಕ್ಕೆ ಬರುವ ತನಕ.
ಇವರದ್ದು ಸಿಟ್ಟು ಸೇರು, ಕಸುವು ಪಾವು.

ನಗಬೇಡ. ಎಡಗಿವಿ ಅಲ್ಲೇ ಬಿಟ್ಟುಬಂದೆ.
ಬಲಗಿವಿಗೆ ಅದರ ಪಾಲೂ ಸೇರಿ ಕೊಬ್ಬು ಜಾಸ್ತಿ.

ಇನ್ನು ಆ ಒಂದೇ ಸ್ವರದ ನಲವತ್ತು ನಿಮಿಷ.
ಮೊಮ್ಮಗ ಕಯೆತಾನ್ ಕೋಣೆಗೆ ಬಂದು
‘ಅಜ್ಜೀ, ಸೂಜಿ ಸಿಕ್ಕಿಕೊಂಡಿದೆ’ ಅಂದ.
ಸೂಜಿ ಸರಿಯಿದೆ ಮಗೂ, ಕೂತುಕೋ.
ಇಪ್ಪತ್ತಮೂರನೆಯ ನಿಮಿಷಕ್ಕೆ
ಬಾಸ್ ನುಡಿಸುವವನ ಬೆರಳು ಸೋಲುತ್ತದೆ,
ಕೂದಲೆಳೆಯಷ್ಟು ಹಿಂದೆ ಬೀಳುತ್ತಾನೆ,
ಡ್ರಮ್ಮಿನವನು ಅದನ್ನು ಕೇಳಿಸಿಕೊಂಡು
ತಾನೂ ಅಷ್ಟೇ ತಡೆದು
ಕಾಯುತ್ತಾನೆ.
ರಾತ್ರಿ ಪಾಳಿಯ ಕೊನೆಯ ಗಂಟೆ ಅಂದರೆ ಇದು.
ಬರೆದುಕೋ: ಹತ್ತಕ್ಕೆ ಒಂಬತ್ತು.
ಒಂದು ಕಳೆದದ್ದು ಹೊದಿಕೆಯೊಳಗಿನ ಪ್ರಬಂಧಕ್ಕೆ.

ಹಳದಿಯದು, ಆ ‘ಉಪ್ಪಿನ ಅಳತೆ’,
ನೀನು ಕಣ್ಣು ಮುಚ್ಚಿಕೊಂಡು ಹೊಗಳಿದ್ದು:
ಮೊದಲ ಮಗ್ಗುಲು ಸೈ.
ಎರಡನೆಯದು ಕೈತೊಳೆದ ಮೇಲೂ ಏಳದ ನೆಂಟ.
ಆದರೆ ಹಾಡುವವಳು ಒಂದೆಡೆ
ಉಸಿರು ಸಾಲದೆ ಕೊನೆಯ ಪದ ನುಂಗುತ್ತಾಳೆ ನೋಡು,
ಅದಕ್ಕಾಗಿ ಏಳು ಸಲ ಸೂಜಿ ಹಿಂದಿಟ್ಟೆ.
ಒಲೆಯಲ್ಲಿ ಗಸಗಸೆ ಕೇಕು ಸೀದಿತು.

ತೆಯೊಫಿಲಾ ಅಂತ ಇದ್ದಳು, ಎದುರು ಮಗ್ಗದವಳು.
ಆ ಸದ್ದಿನಲ್ಲಿ ನಮಗೆಲ್ಲ ತುಟಿಯೇ ಮಾತು.
ಅವಳು ಹಾಡುತ್ತಿದ್ದಳು, ದಿನಾ. ನಾನು ನೋಡುತ್ತಿದ್ದೆ.
ರೆಪ್ಪೆಯ ಮೇಲೆ ಹತ್ತಿಯ ಧೂಳು,
ತುಟಿ ದುಂಡಗಾಗಿ, ಮುಚ್ಚಿ, ತೆರೆದು;
ಪಲ್ಲವಿ ಎಲ್ಲಿ, ತಿರುವು ಎಲ್ಲಿ, ಎಲ್ಲ ಬಾಯಿಪಾಠ ನನಗೆ.
ಗೇಟಿನಾಚೆ, ಸದ್ದಿಲ್ಲದ ಬೀದಿಯಲ್ಲಿ
ಹಾಡು ಅಂದರೆ ನಾಚಿ ಟ್ರಾಮು ಹತ್ತಿಬಿಡುತ್ತಿದ್ದಳು.
ಅವಳ ದನಿ ದಪ್ಪವೋ ತೆಳುವೋ
ಇವತ್ತಿಗೂ ಗೊತ್ತಿಲ್ಲ.

ಯಾಕೆ ಹೇಳಿದೆ ಇದನ್ನು? ಹಾಂ, ಗಿರಣಿ.
ಈಗ ಅದು ಮಾಲು. ನಾನು ನಿಂತ ಜಾಗದಲ್ಲಿ
ಒಳ ಅಂಗಿ ಮಾರುತ್ತಾರೆ, ಬೇರೆ ಯಾವುದೋ ದೇಶದಲ್ಲಿ ನೇಯ್ದದ್ದು.
ಸೂರಿನಿಂದ ದಿನವಿಡೀ ಗಿಟಾರು ಸುರಿಯುತ್ತದೆ
ಉಪ್ಪಿಲ್ಲದ ಗಂಜಿಯ ಹಾಗೆ,
ಯಾರ ನಿದ್ದೆಯನ್ನೂ ಕೆಡಿಸದಂಥದ್ದು.
ಮೊನ್ನೆ ಅಲ್ಲಿ ಕಾಲು ಗಂಟೆ ಕೂತೆ.
ನಿನ್ನ ತುಕ್ಕಿನ ಗಂಡಸರೇ ವಾಸಿ ಅನ್ನಿಸಿತು.
ಸುಳ್ಳೇ, ಆದರೂ ಬೆವರು ಸುರಿಸಿ ಹೇಳಿದ ಸುಳ್ಳು.

ಆಯ್ತು, ಕೊಡು ಇತ್ತ ಆ ರೆಕಾರ್ಡು.
ಮೂರು ಹಾಕಿದ್ದೆ, ನಾಲ್ಕು ಮಾಡು.
ಹೊಸದೇನು ಬಂದಿದೆ ಈ ವಾರ?
ಗೊಣಗಬೇಡ, ಈ ಕಡೆ ಬಂದು ಹೇಳು,
ಆ ಮೀಸೆ ಸರಿಸಿ,
ತುಟಿ ಕಾಣುವ ಹಾಗೆ.