ಪೊರೆ

ಮೊದಲ ವರ್ಷ, ಫಾರ್ಮಲಿನ್ನಿನ ಕಣ್ಣುರಿಯಲ್ಲಿ
ಅಟೆಂಡರ್ ಇನಾಸಪ್ಪ ತೊಡೆಯ ಕೊಬ್ಬು ಸರಿಸಿ ತೋರಿಸಿದ್ದ:
"ನೋಡಿ ಮೇಡಂ, ಕೋರಾ ಬಟ್ಟೆ."
ಸೊಂಟದೆಲುಬಿಂದ ಮಂಡಿಯ ಹೊರಬದಿಗೆ
ಬೆಳ್ಳಗೆ ಬಿಗಿದು ಕೂತ ಪಟ್ಟಿ.
ಒಂಟಿಕಾಲಲ್ಲಿ ನಿಂತವನ ಭಾರದಲ್ಲಿ
ಅದಕ್ಕೂ ಪಾಲಿದೆಯಂತೆ.
ಬರೆದುಕೊಂಡೆ. ಮೂರು ಅಂಕ.

ಇವತ್ತು ರಾತ್ರಿ ಎರಡೂವರೆ, ಶಿವಮೊಗ್ಗ.
ಟಿಂಬರ್ ಡಿಪೋದಲ್ಲಿ ದಿಮ್ಮಿ ಉರುಳಿ
ತೊಡೆ ಜಜ್ಜಿಸಿಕೊಂಡು ಬಂದ ಕೆರಿಯಪ್ಪ, ರಿಪ್ಪನ್‌ಪೇಟೆಯವ.
ಮೂಳೆ ಮುರಿದಿಲ್ಲ. ಪಾದದಲ್ಲಿ ನಾಡಿಯೂ ಇದೆ.
"ಬರೇ ಬಾವು" ಅಂದರು ಯಾರೋ.
ಮಂಡಿ ಮಡಿಸಹೋದರೆ ಮಾತ್ರ
ಗೋಡೆ ಕಡೆ ತಿರುಗಿ ಹಲ್ಲು ಕಚ್ಚುತ್ತಾನೆ.

ಒತ್ತಿ ನೋಡಿದೆ: ಹಲಗೆ.
ಒಳಗೆ ಸ್ನಾಯು ಉಬ್ಬುತ್ತಿದೆ, ಪೊರೆ ಜಗ್ಗುತ್ತಿಲ್ಲ,
ಜಗ್ಗದಿರಲೆಂದೇ ಹುಟ್ಟಿದ್ದು ಅದು.

ಪೊರೆಯುತ್ತದೆಂದು ಪೊರೆ ಅಂದರೋ ಏನೋ.
ಹೊರಬದಿಯ ಉದ್ದಕ್ಕೂ ಸೀಳಿದೆ.
ಮಾಸಿದ ಮಾಂಸ ಉಕ್ಕಿ ಹೊರಬಂದು,
ಸ್ವಲ್ಪ ಯೋಚಿಸಿ,
ಕೆಂಪಾಯಿತು.

ಬೆಳಗ್ಗೆ ಅವನ ತಂಗಿ:
"ಹೊಲಿಗೆ ಹಾಕದೇ ಬಿಟ್ಟಿದ್ದೀರಲ್ಲ ಡಾಕ್ಟ್ರೇ?"
"ಐದು ದಿನ ಹೀಗೇ ತೆರೆದಿರಲಿ" ಅಂದೆ.
ಆಕೆ ನಂಬಲಿಲ್ಲ.
ಅವನೇ, ಮಲಗಿದಲ್ಲಿಂದ,
ಹೆಬ್ಬೆರಳು ಅಲ್ಲಾಡಿಸಿ ತೋರಿಸಿದ.